ಹತ್ತದೇ ಹೋದ ಬೆಂಕಿ

ಅನಾಹುತವೊಂದು ಆದರೆ ಅದಕ್ಕೊಂದು ತಾರೀಖು ಇರುತ್ತದೆ, ಕಂಡವರು ಇರುತ್ತಾರೆ, ಪತ್ರಿಕೆಯಲ್ಲಿ ನಾಲ್ಕು ಸಾಲಾದರೂ ಬರುತ್ತದೆ. ಆಗದೇ ಹೋದ ಅನಾಹುತಕ್ಕೆ ಇವು ಯಾವುವೂ ಇಲ್ಲ. ನಿನ್ನೆ ರಾತ್ರಿ ನಮ್ಮ ಓಣಿಯಲ್ಲಿ ಯಾವ ಮನೆಗೂ ಬೆಂಕಿ ಹತ್ತಲಿಲ್ಲ. ಹಾಗೆಂದು ಬೆಳಿಗ್ಗೆ ಎದ್ದು ಯಾರೂ ಯಾರಿಗೂ ಉಪಕಾರ ನೆನೆಯಲಿಲ್ಲ. ನೆನೆಯಬೇಕೆಂದರೂ ಯಾರನ್ನು? ಮಲಗುವ ಮುನ್ನ ಬಚ್ಚಲ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದವಳನ್ನೋ, ಹೀಟರಿನ ಪ್ಲಗ್ ಕಿತ್ತವಳನ್ನೋ, ಹಾಸಿಗೆಯಿಂದ ಮತ್ತೆ ಎದ್ದು ಹೋಗಿ ಗ್ಯಾಸಿನ ರೆಗ್ಯುಲೇಟರ್ ತಿರುವಿ ಬಂದವಳನ್ನೋ? ಬೆಳಗಾಗುವುದರೊಳಗೆ ಅವಳೇ ಅದನ್ನು ಮರೆತಿರುತ್ತಾಳೆ. ಮನೆಯ ಕೆಲಸಗಳಲ್ಲಿ ಅರ್ಧದಷ್ಟು ಹೀಗೆ, ಏನೂ ಆಗದಂತೆ ನೋಡಿಕೊಳ್ಳುವ ಕೆಲಸಗಳು. ಕಾಣದ ಈ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ, ಅದನ್ನು ಮಾಡದೇ ಬಿಟ್ಟವರನ್ನು ತಪ್ಪಿತಸ್ಥರೆನ್ನುವುದು ಹೇಗೆ ಎಂಬ ಪ್ರಶ್ನೆ ಪ್ರತಿ ಚಳಿಗಾಲದಲ್ಲೂ ನನ್ನನ್ನು ಕಾಡುತ್ತದೆ.

ನಮ್ಮ ವಿಜಯಪುರದ ಚಳಿಯ ಮಾತು ತೆಗೆದರೆ ಬೇರೆ ಊರಿನವರು ನಗುತ್ತಾರೆ. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರಿನವರಿಗೆ ಎಂಥ ಚಳಿಯವ್ವಾ ಎನ್ನುತ್ತಾರೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಒಮ್ಮೆ ಬಂದು ನೋಡಬೇಕು ಅವರು. 10 ಡಿಗ್ರಿಯ ಆಸುಪಾಸಿಗೆ ಇಳಿದ ಒಣಗಾಳಿ ಕಿಟಕಿಯ ಸಂದಿಯಿಂದ ಚಾಕುವಿನಂತೆ ಬರುತ್ತದೆ. ನಮ್ಮ ಮನೆಗಳನ್ನು ಕಟ್ಟಿದ್ದು ಬಿಸಿಲಿಗೆ ಹೆದರಿ. ಚಳಿಯ ನಾಡುಗಳಲ್ಲಿ ಬೆಂಕಿಗೆ ಮನೆಯೊಳಗೆ ಒಂದು ಗೊತ್ತಾದ ಜಾಗ ಇರುತ್ತದೆ: ಕಲ್ಲಿನ ಗೂಡು, ಹೊಗೆ ಹೋಗಲು ಕೊಳವೆ, ಮುಂದೊಂದು ತಡೆ. ನಮ್ಮಲ್ಲಿ ಹಾಗಿಲ್ಲ. ವರ್ಷಕ್ಕೆ ಎರಡು ತಿಂಗಳಿಗೆಂದು ಬೆಂಕಿಯನ್ನು ನೆಂಟರಂತೆ ಒಳಗೆ ಕರೆಯುತ್ತೇವೆ. ಇವತ್ತು ಶೆಗಡಿ ಪಡಸಾಲೆಯಲ್ಲಿ, ನಾಳೆ ಬಾಣಂತಿಯ ಕೋಣೆಯಲ್ಲಿ, ನಾಡಿದ್ದು ಮುದುಕರ ಮಂಚದ ಪಕ್ಕದಲ್ಲಿ. ಕರೆಂಟಿನ ಹೀಟರೂ ಅಷ್ಟೇ, ಉದ್ದ ವಾಯರು ಎಳೆದುಕೊಂಡು ಕೋಣೆ ಕೋಣೆ ತಿರುಗುತ್ತದೆ. ಜಾಗ ಗೊತ್ತಿಲ್ಲದ ಬೆಂಕಿಗೆ ಕಾವಲೂ ಗೊತ್ತಿರುವುದಿಲ್ಲ. ಅಪಾಯ ಶುರುವಾಗುವುದು ಅಲ್ಲಿಂದ.

ಎರಡು ವರ್ಷದ ಹಿಂದಿನ ಪುಷ್ಯ ಮಾಸದಲ್ಲಿ ನನ್ನ ತಂಗಿಯ ಮಗಳು ಚೊಚ್ಚಲು ಹಡೆದು ಮನೆಗೆ ಬಂದಳು. ಬಾಣಂತನಕ್ಕೆ ನಮ್ಮ ಅವ್ವನನ್ನು ಊರಿನಿಂದ ಕರೆಸಿದರು. ಅವ್ವನಿಗೆ ಆಗಲೇ ಎಂಬತ್ತು ದಾಟಿತ್ತು. ಬಂದ ದಿನವೇ ಆಕೆ ಶೆಗಡಿಯಲ್ಲಿ ಕೆಂಡ ತುಂಬಿಸಿ, ಬಾಣಂತಿಯ ಮಂಚದ ಕೆಳಗೆ ಇಡಲು ಹೊರಟಳು. ನಮ್ಮ ಕಡೆ ಇದು ಇವತ್ತು ನಿನ್ನೆಯದಲ್ಲ. ಹೊರಸಿನ ಕೆಳಗೆ ಕೆಂಡ ಇಟ್ಟರೆ ಬಾಣಂತಿಯ ಬೆನ್ನಿಗೆ ಕಾವು, ಕೂಸಿಗೆ ಬೆಚ್ಚಗೆ, ಮೇಲೊಂದಿಷ್ಟು ಲೋಬಾನ, ಅಜಿವಾನದ ಹೊಗೆ. ತಂಗಿ ಬೇಡವೆಂದಳು, ಅವ್ವ ಕೇಳಲಿಲ್ಲ. ಹುಡುಗಿ ನನಗೆ ಫೋನು ಮಾಡಿದಳು. "ದೊಡ್ಡವ್ವಾ, ಆಯಿಗೆ ನೀನ ಬಂದು ಹೇಳ. ನಾ ಹೇಳಿದ್ರ ಭಾಳ ಕಲಿತಾಕಿ ಅಂತಾಳ."

ನಾನು ಹೋದಾಗ ಅವ್ವ ಸೆರಗು ಬಿಗಿದು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು. "ಈ ಕೈಲೆ ಒಂಬತ್ತು ಬಾಣಂತನಾ ಮಾಡೇನಿ. ಒಂದಕ್ಕರೆ ಏನರೆ ಆತೇನು? ನೀನೂ ಅದ ಕೆಂಡದ ಮ್ಯಾಲ ಬೆಳೆದಾಕಿ."

ಈ ಮಾತಿಗೆ ಏನು ಉತ್ತರ ಹೇಳುತ್ತೀರಿ? ಎದುರಿಗೆ ಇರುವವಳು ಅಜ್ಞಾನಿಯಲ್ಲ. ನನ್ನನ್ನು ಉಳಿಸಿ ಬೆಳೆಸಿದವಳು. ಆಕೆಯ ಕೆಂಡವನ್ನು ಬೇಡವೆಂದರೆ ಆಕೆಯ ಒಂಬತ್ತು ಬಾಣಂತನಗಳ ನಿದ್ದೆಗೇಡನ್ನೇ ಬೇಡವೆಂದಂತೆ ಆಗುತ್ತದೆ. ಪ್ರೀತಿಯಿಂದ ಬರುವ ಅಪಾಯವನ್ನು ತಡೆಯುವುದು ದ್ವೇಷದಿಂದ ಬರುವ ಅಪಾಯವನ್ನು ತಡೆಯುವುದಕ್ಕಿಂತ ಎಷ್ಟೋ ಕಷ್ಟದ್ದು. ದ್ವೇಷಕ್ಕೆ ಬಾಗಿಲು ಹಾಕಬಹುದು, ಪ್ರೀತಿಗೆ ಹಾಕಿದರೆ ನಾವೇ ಕೆಟ್ಟವರು.

ವಾದ ಮಾಡುವ ಬದಲು ಅವ್ವನ ಪಕ್ಕ ಕೂತು, ಆಗೆಲ್ಲ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದೆ. ಆಕೆ ಖುಷಿಯಿಂದ ಹೇಳತೊಡಗಿದಳು. ಕೆಂಡವನ್ನು ಹಿತ್ತಲಲ್ಲೇ ಹೊಗೆ ಹೋಗುವತನಕ ಮಾಗಿಸಿ ತರುತ್ತಿದ್ದರಂತೆ. ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು, ಅದನ್ನು ಮಳೆಗಾಲ ಬಿಟ್ಟರೆ ಮುಚ್ಚುತ್ತಿರಲಿಲ್ಲ. ಕಟ್ಟಿಗೆಯ ಬಾಗಿಲಿಗೆ ಕೈ ತೂರುವಷ್ಟು ಸಂದಿ. ಮೇಲೆ ಹೊದೆಯಲು ಹಳೆಯ ಸೀರೆಯ ಕೌದಿ. ಎಲ್ಲಕ್ಕಿಂತ ಹೆಚ್ಚಾಗಿ, ರಾತ್ರಿಯೆಲ್ಲ ಒಬ್ಬರಲ್ಲ ಒಬ್ಬ ಹೆಂಗಸು ಅಲ್ಲೇ ಕೂತಿರುತ್ತಿದ್ದಳು, ತೂಕಡಿಸಿದರೆ ಇನ್ನೊಬ್ಬಳು ಎದ್ದು ಬರುತ್ತಿದ್ದಳು. ಹೇಳುತ್ತ ಹೇಳುತ್ತ ಅವ್ವ ನನ್ನ ಪರವಾಗಿಯೇ ಸಾಕ್ಷಿ ನುಡಿಯುತ್ತಿದ್ದಳು.

ತಂಗಿಯ ಮನೆ ಹೊಸ ಬಡಾವಣೆಯಲ್ಲಿ, ಆರ್‌ಸಿಸಿ ಛಾವಣಿಯದು. ಕಿಟಕಿಗೆ ಗಾಜು, ಗಾಜಿಗೆ ಪರದೆ, ಚಳಿಯೆಂದು ಎರಡನ್ನೂ ಬಿಗಿಯಾಗಿ ಮುಚ್ಚಿದ್ದಾರೆ. ಮಂಚದ ಮೇಲೆ ಫೋಮಿನ ಗಾದಿ, ನೆಲದತನಕ ಜೋತುಬಿದ್ದ ಪಾಲಿಯೆಸ್ಟರ್ ಹೊದಿಕೆ, ಸುತ್ತ ನೈಲಾನಿನ ಸೊಳ್ಳೆಪರದೆ. ಹತ್ತಿಬಟ್ಟೆಯೂ ಹತ್ತಿ ಉರಿಯುತ್ತದೆ, ನಿಜ. ಆದರೆ ನೈಲಾನು, ಪಾಲಿಯೆಸ್ಟರು ಕರಗಿ ಮೈಗೆ ಅಂಟಿಕೊಂಡು ಬೇಯಿಸುತ್ತವೆ. ರಾತ್ರಿ ಕಾಯುವ ಹೆಂಗಸರೂ ಈಗಿಲ್ಲ. ಇರುವ ಒಬ್ಬ ತಂಗಿ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಪದ್ಧತಿ ಹಳೆಯ ಮನೆಯಿಂದ ಹೊಸ ಮನೆಗೆ ಬಂತು, ಅದರ ಜೊತೆಗಿದ್ದ ಕಾವಲು ಬರಲಿಲ್ಲ. ಹಿರಿಯರ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆ ಮಾತು ನಿಂತಿದ್ದ ಮನೆಯೇ ಬದಲಾಗಿದೆ ಎನ್ನುತ್ತೇನೆ.

ಕೆಂಡದ ಇನ್ನೊಂದು ಗುಣವನ್ನೂ ನಾವು ತಿಳಿದಿರಬೇಕು. ಉರಿಯದೆ, ಹೊಗೆಯಾಡದೆ ಸುಮ್ಮನೆ ಕೆಂಪಗೆ ಕೂತ ಕೆಂಡ ಪೂರ್ತಿ ಸಾಧುವಲ್ಲ. ಗಾಳಿ ಸಾಲದ ಕಡೆ ಅದು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತಲೇ ಇರುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ಹೊಟ್ಟೆ ತೊಳಸು, ಕಣ್ಣು ಕತ್ತಲೆ ಬಂದು ಗೊತ್ತಾದರೂ ಆದೀತು. ಮಲಗಿದವರಿಗೆ ಗೊತ್ತಾಗುವುದೇ ಇಲ್ಲ, ನಿದ್ದೆಯಲ್ಲೇ ಮುಗಿದುಹೋಗುತ್ತದೆ. ಬಚ್ಚಲಿನೊಳಗೆ ಗ್ಯಾಸ್ ಗೀಜರ್ ಹಾಕಿ ಕಿಟಕಿ ಮುಚ್ಚಿ ಸ್ನಾನ ಮಾಡುವವರಿಗೂ ಇದೇ ಅಪಾಯ. ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಮಲಗುವ ಕೋಣೆಯ ಕೆಂಡಕ್ಕೆ ಆ ಲೆಕ್ಕ ಸಾಲದು. ಕೆಂಡ ಮಲಗುವ ಕೋಣೆಗೆ ಬರಲೇಬಾರದು.

ಹಾಗಾದರೆ ಆ ಕಾಲದಲ್ಲಿ ಏನೂ ಆಗಲೇ ಇಲ್ಲವೇ? ಹಾಗೂ ಹೇಳಲಾರೆ. ರಾತ್ರಿ ಮಲಗಿಸಿದ ಕೂಸು ಬೆಳಿಗ್ಗೆ ಏಳದಿದ್ದರೆ ಬಾಲಗ್ರಹ ಎಂದು ಹೆಸರಿಟ್ಟು ಮಣ್ಣು ಮಾಡಿ ಬರುತ್ತಿದ್ದರು. ಅದರಲ್ಲಿ ಯಾವುದು ಜ್ವರ, ಯಾವುದು ಕೆಂಡ, ಯಾರು ಬಲ್ಲರು? "ನನಗೇನೂ ಆಗಲಿಲ್ಲ" ಎನ್ನುವ ಮಾತು ಉಳಿದವರ ಬಾಯಿಂದ ಮಾತ್ರ ಬರುತ್ತದೆ. ಉಳಿಯದವರು ತಮ್ಮ ಅನುಭವ ಹೇಳಲು ಬರುವುದಿಲ್ಲ. ಆದ್ದರಿಂದ ಅನುಭವವೆಂಬುದು ಯಾವಾಗಲೂ ಸ್ವಲ್ಪ ಅದೃಷ್ಟವಂತರ ಪಕ್ಷಪಾತಿ.

ಅವ್ವ ಅವತ್ತು ಮುನಿಸಿಕೊಂಡು, "ಹಂಗಾರ ನಾ ಇಲ್ಲಿ ಯಾಕ ಇರಲಿ? ನನ್ನ ಊರಿಗೆ ಕಳಿಸಿಬಿಡ್ರಿ" ಎಂದಳು. ನನಗೆ ತಿಳಿದದ್ದು ಆಗ. ಜಗಳ ಕೆಂಡದ್ದಾಗಿರಲಿಲ್ಲ. ಎಂಬತ್ತು ದಾಟಿದ ಹೆಂಗಸಿನ ಕೈಗೆ ಇನ್ನೂ ಕೆಲಸ ಇದೆಯೋ ಇಲ್ಲವೋ ಎಂಬುದರದ್ದಾಗಿತ್ತು. ಕಡೆಗೆ ಒಂದು ದಾರಿ ಸಿಕ್ಕಿತು. ಶೆಗಡಿ ಹೊರಗೆ, ತೆರೆದ ಕಟ್ಟೆಯ ಮೇಲೆ ಉಳಿಯಿತು. ಅವ್ವ ಅದರ ಮುಂದೆ ಕೂತು ಹತ್ತಿಯ ಅರಿವೆಗಳನ್ನು ಬೆಚ್ಚಗೆ ಮಾಡಿ, ತನ್ನ ಕೆನ್ನೆಗೆ ಹಿಡಿದು ಬಿಸಿ ನೋಡಿ, ಒಳಗೆ ಕಳಿಸುವುದು. ಕೂಸಿಗೆ ಕುಂಚಿಗೆ, ಕಾಲುಚೀಲ. ರಾತ್ರಿ ಚಳಿ ಹೆಚ್ಚಾದರೆ ಎಚ್ಚರವಿದ್ದ ತಾಯಿಯ ಎದೆಗೆ ಬರಿಮೈಯ ಕೂಸನ್ನು ಅವಚಿ ಮೇಲೊಂದು ಕೌದಿ. ಕೂಸಿಗೆ ಅದಕ್ಕಿಂತ ಒಳ್ಳೆಯ ಕಾವು ಇಲ್ಲವೆಂದು ಈಗ ಆಸ್ಪತ್ರೆಗಳಲ್ಲೂ ಹೇಳಿಕೊಡುತ್ತಾರೆ. ಅದನ್ನು ಹೇಳಿದಾಗ ಅವ್ವ, "ಅದನ್ನೇನ ಡಾಕ್ಟರ್ ಹೇಳಬೇಕ? ಬೆಕ್ಕಿಗೂ ಗೊತ್ತೈತಿ" ಎಂದು ಮುಖ ಸಡಿಲಿಸಿದಳು. ಕಾವು ಒಳಗೆ ಬಂತು, ಬೆಂಕಿ ಹೊರಗೆ ಉಳಿಯಿತು.

ಆ ಕೆಂಡ ಮಂಚದ ಕೆಳಗೆ ಹೋಗಿದ್ದರೆ ಏನಾದರೂ ಆಗುತ್ತಿತ್ತೇ? ಬಹುಶಃ ಏನೂ ಆಗುತ್ತಿರಲಿಲ್ಲ. ಇಲ್ಲಿಯೇ ಇರುವುದು ಪ್ರಶ್ನೆ. ಏನೂ ಆಗದೇ ಹೋದರೆ ಅಜಾಗರೂಕತೆ ತಪ್ಪಲ್ಲವೇ? ನನಗೆ ಗೊತ್ತಿರುವ ಒಂದು ಮನೆಯಲ್ಲಿ ಚಳಿಗಾಲ ಪೂರ್ತಿ ಹೀಟರಿನ ಜಾಲರಿಯ ಮೇಲೇ ಕೂಸಿನ ಒದ್ದೆ ಅರಿವೆ ಒಣಗಿಸಿದರು. ಏನೂ ಆಗಲಿಲ್ಲ, ಎಷ್ಟು ಹುಷಾರಿ ಎಂದು ನೆಂಟರು ಹೊಗಳಿದರು. ಅದೇ ಕೆಲಸ ಇನ್ನೊಂದು ಮನೆಯಲ್ಲಿ ನಡೆದು ಅರಿವೆ ಜಾರಿ ತಂತಿಗೆ ತಾಗಿದರೆ ಊರೆಲ್ಲ ಆಕೆಯನ್ನು ಬುದ್ಧಿಗೇಡಿ ಎನ್ನುತ್ತದೆ. ಇಬ್ಬರೂ ಮಾಡಿದ್ದು ಒಂದೇ. ನಡುವಿನ ಅಂತರ ಗಾಳಿ ಬೀಸಿದ ದಿಕ್ಕು ಮಾತ್ರ. ಫಲ ನೋಡಿ ತೀರ್ಪು ಕೊಡುವ ನಮ್ಮ ಅಭ್ಯಾಸದಲ್ಲಿ ನ್ಯಾಯವಿಲ್ಲ. ತಪ್ಪು ಇರುವುದು ಬೆಂಕಿ ಹತ್ತಿದ ಗಳಿಗೆಯಲ್ಲಿ ಅಲ್ಲವೇ ಅಲ್ಲ, ಅರಿವೆ ಹಾಕಿದ ಗಳಿಗೆಯಲ್ಲಿ.

"ನನ್ನ ಮನೆ, ನನ್ನ ಜೀವ, ನಿಮಗೇನು" ಎನ್ನುವವರೂ ಇದ್ದಾರೆ. ಅವರೊಬ್ಬರೇ ಇದ್ದರೆ ಆ ಮಾತನ್ನು ಒಪ್ಪಿದರೂ ಒಪ್ಪಬಹುದು. ಬೆಂಕಿ ಯಾರೊಬ್ಬರ ಸ್ವಂತದ್ದೂ ಅಲ್ಲ. ಒಳಗೆ ಕೂಸು ಮಲಗಿದೆ, ಮೇಲೆ ಬಾಡಿಗೆಯವರಿದ್ದಾರೆ, ಗೋಡೆಗೆ ಗೋಡೆ ಹಚ್ಚಿ ಇನ್ನೊಬ್ಬರ ಮನೆಯಿದೆ. ಅವರನ್ನು ಕೇಳದೆ ಅವರ ಜೀವವನ್ನು ಪಣಕ್ಕಿಡುವ ಹಕ್ಕು ನಮಗೆ ಎಲ್ಲಿಂದ ಬಂತು?

ಮಹಾಭಾರತದ ಅರಗಿನ ಮನೆಯ ಕಥೆ ನಮಗೆಲ್ಲ ಗೊತ್ತು. ವಿದುರ ಮುಂಚೆಯೇ ಗೂಢಭಾಷೆಯಲ್ಲಿ ಎಚ್ಚರಿಸಿದ, ಸುರಂಗ ತೋಡುವವನನ್ನು ಕಳಿಸಿದ, ಪಾಂಡವರು ಪಾರಾದರು. ಕೇಳುತ್ತಿದ್ದಂತೆ ನಮಗೆ ಸಮಾಧಾನ. ಆದರೆ ಅದೇ ರಾತ್ರಿ ಆ ಮನೆಯಲ್ಲಿ ಒಬ್ಬ ಬೇಡತಿ ತನ್ನ ಐದು ಮಕ್ಕಳೊಂದಿಗೆ ಉಂಡು ಕುಡಿದು ಮಲಗಿದ್ದಳು. ಸುರಂಗವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬೆಂಕಿ ಹಚ್ಚಿದವನು ಭೀಮ. ಮರುದಿನ ಸಿಕ್ಕ ಆರು ಹೆಣಗಳನ್ನು ಕುಂತಿ ಮತ್ತು ಪಾಂಡವರದೆಂದು ಊರವರು ತಿಳಿದರು. ಅವಳ ಹೆಸರೂ ಕಥೆಯಲ್ಲಿಲ್ಲ. ಚಿಕ್ಕವಳಿದ್ದಾಗ ಈ ಕಥೆಯನ್ನು ವಿದುರನ ಜಾಣತನಕ್ಕಾಗಿ ಕೇಳುತ್ತಿದ್ದೆ. ಈಗ ಅವಳಿಗಾಗಿ ನೆನೆಯುತ್ತೇನೆ. ಎಚ್ಚರಿಕೆಯ ಮಾತು ಎಚ್ಚರವಿದ್ದವರಿಗಷ್ಟೇ ತಲುಪಿದರೆ ಸಾಲದು, ಆ ಸೂರಿನಡಿ ಮಲಗಿದ ಎಲ್ಲರಿಗೂ ಅದರ ನೆರಳು ಸಿಗಬೇಕು. ಮನೆಗೆಲಸಕ್ಕೆಂದು ಬಂದು ಅಡುಗೆಮನೆಯ ಮೂಲೆಯಲ್ಲಿ ಮಲಗುವ ಹುಡುಗಿಗೆ ಹಿತ್ತಲ ಬಾಗಿಲಿನ ಕೀಲಿ ಎಲ್ಲಿದೆಯೆಂದು ಗೊತ್ತೇ? ಇದನ್ನು ಓದುತ್ತಿರುವ ನೀವು ಇವತ್ತೇ ಒಮ್ಮೆ ಕೇಳಿ ನೋಡಿ.

ಮಲಗುವುದೆಂದರೆ ನಂಬುವುದು. ಕಣ್ಣು ಮುಚ್ಚಿದ ಮೇಲೆ ಮನುಷ್ಯ ತನ್ನನ್ನು ತಾನು ಕಾಯಲಾರ. ಎಲ್ಲರೂ ಮಲಗಿದ ಮೇಲೆ ಕಡೆಗೆ ಮಲಗುವವರು ಆ ನಂಬಿಕೆಯನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ಯಾರು ಆ ಕಡೆಗೆ ಮಲಗುವವರು? ಹೇಳಬೇಕಾಗಿಲ್ಲ. ಗಂಡಸರಿಗೆ ದಿಂಬಿಗೆ ತಲೆ ಕೊಟ್ಟೊಡನೆ ನಿದ್ದೆ, ನಮಗೆ ದಿಂಬಿಗೆ ತಲೆ ಕೊಟ್ಟೊಡನೆ ನೆನಪು: ಹಾಲು ಮುಚ್ಚಿದೆನೇ, ಗ್ಯಾಸು ತೆಗೆದೆನೇ, ದೇವರ ಮುಂದಿನ ದೀಪದ ಬತ್ತಿ ಸರಿಸಿದೆನೇ. ತಪ್ಪಿದ ದಿನ ಮಾತ್ರ "ನೀನು ನೋಡಬಾರದಿತ್ತೇ?" ಎಂಬ ಪ್ರಶ್ನೆ. ನೋಡಿದ ಸಾವಿರ ದಿನಗಳಿಗೆ ಲೆಕ್ಕವೇ ಇಲ್ಲ.

ಕರ್ಫ್ಯೂ ಎಂಬ ಶಬ್ದವನ್ನು ನಾವು ಗಲಭೆಯ ಜೊತೆಗೆ ನೆನೆಯುತ್ತೇವೆ. ಅದರ ಮೂಲ ಫ್ರೆಂಚ್ ಭಾಷೆಯಲ್ಲಿ 'ಬೆಂಕಿ ಮುಚ್ಚಿ' ಎಂಬ ಅರ್ಥವಿದೆ. ಮಧ್ಯಯುಗದ ಯುರೋಪಿನ ಊರುಗಳಲ್ಲಿ ರಾತ್ರಿಯಾದೊಡನೆ ಒಂದು ಗಂಟೆ ಬಾರಿಸುತ್ತಿದ್ದರು. ಕೇಳಿದೊಡನೆ ಪ್ರತಿ ಮನೆಯಲ್ಲೂ ಒಲೆಯ ಬೆಂಕಿಯನ್ನು ಮುಚ್ಚಬೇಕು. ಕಟ್ಟಿಗೆಯ ಮನೆಗಳು ಒತ್ತೊತ್ತಾಗಿದ್ದ ಕಾಲ, ಒಬ್ಬರು ಮರೆತರೆ ಊರೇ ಹೋಗುತ್ತಿತ್ತು. ನನಗೆ ಇದರಲ್ಲಿ ಇಷ್ಟವಾಗುವುದು ಆ ಗಂಟೆ. ಬೆಂಕಿಯ ಎಚ್ಚರವನ್ನು ಒಬ್ಬ ಹೆಂಗಸಿನ ನೆನಪಿಗೆ ಬಿಡದೆ ಇಡೀ ಊರಿನ ಕೆಲಸವಾಗಿ ಮಾಡಿದರಲ್ಲ, ಅದು.

ನಮ್ಮ ಮನೆಗಳಿಗೂ ಅಂಥದೊಂದು ಗಂಟೆ ಬೇಕು. ರಾತ್ರಿ ಮಲಗುವ ಮುನ್ನ ಯಾರಾದರೊಬ್ಬರು, ಸರದಿಯ ಮೇಲೆ, ಮನೆಯನ್ನೊಮ್ಮೆ ಸುತ್ತಿ ಬರಬೇಕು. ಹೆಚ್ಚೇನೂ ನೋಡುವುದು ಬೇಡ. ಹೀಟರಿಗೂ ಪರದೆ, ಹಾಸಿಗೆ, ಬಟ್ಟೆಗಳಿಗೂ ನಡುವೆ ಮೂರು ಅಡಿಯಾದರೂ ಜಾಗ ಇತ್ತೇ, ಮಲಗುವಾಗ ಅದನ್ನು ಆರಿಸಿ ಪ್ಲಗ್ ಕಿತ್ತಾಯಿತೇ. 2000 ವ್ಯಾಟಿನ ಹೀಟರು ಸುಮಾರು 9 ಆಂಪಿಯರ್ ಕರೆಂಟು ಎಳೆಯುತ್ತದೆ. ಟಿ.ವಿ.ಗೆಂದು ತಂದ 6 ಆಂಪಿಯರಿನ ಎಕ್ಸ್‌ಟೆನ್ಶನ್ ಪೆಟ್ಟಿಗೆ ಅದನ್ನು ತಾಳದು, ಮುಟ್ಟಿದರೆ ಬಿಸಿಯಾಗಿದ್ದರೆ ಅದೇ ಮುನ್ಸೂಚನೆ. ನೀರು ಕಾಸುವ ರಾಡು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮರೆತು ಉಳಿದಿಲ್ಲ ತಾನೇ? ಒಲೆಯ ಬೂದಿಯನ್ನು ತಿಪ್ಪೆಗೆ ಹಾಕುವ ಮುನ್ನ ನೀರು ಸುರಿದರೇ? ಬೂದಿ ಮುಚ್ಚಿದ ಕೆಂಡ ಎಂಬ ಮಾತು ಗಾದೆಗೆಂದು ಹುಟ್ಟಿದ್ದಲ್ಲ. ಬೂದಿಯೊಳಗಿನ ಕೆಂಡ ಮರುದಿನದತನಕ ಜೀವ ಹಿಡಿದಿರುತ್ತದೆ, ಗಾಳಿ ಬಂದರೆ ಪಕ್ಕದ ಕಣಿಕೆಯ ಬಣವೆಗೆ ಅಷ್ಟೇ ಸಾಕು. ಕಡೆಯದಾಗಿ, ಹೊರಗೆ ಹೋಗುವ ದಾರಿಯಲ್ಲಿ ಸಾಮಾನು ಒಟ್ಟಿಲ್ಲವೇ, ಕೀಲಿ ಅದರ ಜಾಗದಲ್ಲೇ ಇದೆಯೇ.

ಎಲ್ಲ ನೋಡಿಕೊಂಡರೂ ಒಮ್ಮೊಮ್ಮೆ ಆಗಿಬಿಡುತ್ತದೆ. ಸೆರಗಿಗೆ ಹತ್ತಿದರೆ ಓಡಬಾರದು, ಓಡಿದಷ್ಟೂ ಉರಿ ಏಳುತ್ತದೆ. ನೆಲಕ್ಕೆ ಬಿದ್ದು ಉರುಳಬೇಕು, ಪಕ್ಕದವರು ದಪ್ಪ ಕಂಬಳಿ ಹೊದಿಸಿ ಒತ್ತಬೇಕು. ಸುಟ್ಟ ಜಾಗಕ್ಕೆ ಶಾಯಿ, ತುಪ್ಪ, ಹಲ್ಲುಜ್ಜುವ ಪೇಸ್ಟು ಯಾವುದೂ ಬೇಡ. ನಳದ ತಣ್ಣೀರನ್ನು 20 ನಿಮಿಷ ಹರಿಯಬಿಟ್ಟು ಆಸ್ಪತ್ರೆಗೆ ನಡೆಯುವುದು. ಅಗ್ನಿಶಾಮಕದವರ 101, ಇಲ್ಲವೇ 112 ಎಂಬ ಸಂಖ್ಯೆ ಮನೆಯ ಮಕ್ಕಳಿಗೂ ಬಾಯಿಪಾಠ ಇರಲಿ.

"ಹಣೆಬರಹ ಇದ್ದಂಗ ಆಗತೈತಿ, ಎಷ್ಟು ನೋಡಿದ್ರೇನು?" ಎಂದು ಅನ್ನುವವರು ಎಲ್ಲ ಓಣಿಯಲ್ಲೂ ಇದ್ದಾರೆ. ನಾನು ಹಣೆಬರಹದ ಜೊತೆ ಜಗಳ ಮಾಡುವುದಿಲ್ಲ. ಮಗಳನ್ನು ಕಳಕೊಂಡ ತಾಯಿಗೆ ಆ ಶಬ್ದ ಒಂದು ಊರುಗೋಲು, ಅದನ್ನು ಕಿತ್ತುಕೊಳ್ಳುವುದು ಕ್ರೂರತನ. ಆದರೆ ಆ ಶಬ್ದ ದುಃಖ ಆದಮೇಲೆ ಹೇಳುವಂಥದು. ಆಗುವ ಮೊದಲೇ ಹೇಳಿದರೆ ಅದು ಸೋಮಾರಿತನಕ್ಕೆ ಹೊದಿಸಿದ ಶಾಲು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನಮ್ಮ ಗಾದೆ ನಗುತ್ತದೆ. ಬಾವಿ ತೋಡಲು ಮೊದಲೇ ಹೇಳಿದವಳನ್ನು ಮಾತ್ರ ನಾವು ಅಂಜುಬುರುಕಿ ಎಂದು ನಗುತ್ತೇವೆ. ಅಂಜಿಕೆ ತನ್ನ ಜೀವಕ್ಕಾಗಿ ಇದ್ದರೆ ಬೇರೆ ಮಾತು. ಮಲಗಿದ ಇನ್ನೊಬ್ಬರ ಜೀವಕ್ಕಾಗಿ ಅಂಜುವುದಕ್ಕೆ ಜವಾಬ್ದಾರಿ ಎಂದು ಹೆಸರು.

ನಮ್ಮ ಮನೆಯಲ್ಲಿ ಈಗ ಆ ಸುತ್ತು ಸರದಿಯ ಮೇಲೆ ನಡೆಯುತ್ತದೆ. ವಾರಕ್ಕೆ ಮೂರು ದಿನ ಮಗನದು. ಮೊದಮೊದಲು ಗೊಣಗಿದ, ಈಗ ರೂಢಿಯಾಗಿದೆ. ಅಡುಗೆಮನೆಯ ದೀಪ ಆರುತ್ತದೆ, ಚಿಲಕದ ಸಪ್ಪಳ, ಆಮೇಲೆ ಪಡಸಾಲೆಯಿಂದ ಅವನ ದನಿ: "ಎಲ್ಲಾ ನೋಡೇನಿ ಅವ್ವಾ, ಮಲ್ಕೋ." ಆ ಮೂರು ರಾತ್ರಿ ನಾನೂ ದಿಂಬಿಗೆ ತಲೆ ಕೊಟ್ಟೊಡನೆ ನಿದ್ದೆ ಹೋಗುತ್ತೇನೆ.